ಡೇವಿಡ್ ಬಾಲ್ಕಂಬ್ ಅವರ ಪ್ರಬಂಧಗಳು ಮತ್ತು ಸೈಟೇಶನ್ ಲೆಕ್ಕ: ಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ಸಸ್ಯ ಜೈವಿಕ ತಂತ್ರಜ್ಞಾನ

ಎಲ್ಲರಿಗೂ ನಮಸ್ಕಾರ. ನಮ್ಮ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಒಬ್ಬ ಸಸ್ಯ ಅಣುಜೀವವಿಜ್ಞಾನಿಯ ಪ್ರಕಟಣೆಗಳನ್ನು ಓದಿ, ಅವು ಬೀರಿದ ಪ್ರಭಾವವನ್ನು ಕುರಿತು ಸೆಮಿನಾರ್ ಕೊಡಬೇಕೆಂಬ ನಿಯಮವಿದೆ. ನಾನು ಆರಿಸಿಕೊಂಡಿರುವುದು ಡೇವಿಡ್ ಬಾಲ್ಕಂಬ್ ಅವರನ್ನು. 1988ರಿಂದ ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಸೇನ್ಸ್‌ಬರಿ ಪ್ರಯೋಗಾಲಯದಲ್ಲಿಯೂ 2007ರಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೂ ಕೆಲಸ ಮಾಡಿದ ಇವರು ಸಸ್ಯಗಳಲ್ಲಿ ಆರ್‌ಎನ್‌ಎ ಸೈಲೆನ್ಸಿಂಗ್ (ಆರ್‌ಎನ್‌ಎ ಮೂಲಕ ಜೀನನ್ನು ಅಡಗಿಸುವ ಕ್ರಿಯೆ) ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿದವರಲ್ಲಿ ಮೊದಲಿಗರು.

ಪಟ್ಟಿ ತಯಾರಿಸುವಾಗ ಮೂರು ತೊಡಕುಗಳು ಎದುರಾಗಿವೆ. ಎಲ್ಲರೂ ಅವರ ಅತಿ ಮುಖ್ಯ ಪ್ರಬಂಧವೆಂದು ಹೇಳುವ, 1999ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಹ್ಯಾಮಿಲ್ಟನ್ ಮತ್ತು ಬಾಲ್ಕಂಬ್ ಪ್ರಬಂಧ ಕೇವಲ ಮೂರು ಪುಟದ್ದು. ಅದೇ ಕ್ಷೇತ್ರದಲ್ಲಿ ಅದರ ನಂತರ, ಸಸ್ತನಿಗಳ ಜೀವಕೋಶಗಳನ್ನು ಕುರಿತು 2001ರಲ್ಲಿ ನೇಚರ್‌ನಲ್ಲಿ ಬಂದ ಪ್ರಬಂಧಕ್ಕೆ ಅದಕ್ಕಿಂತ ಬಹಳ ಹೆಚ್ಚು ಸೈಟೇಶನ್‌ಗಳಿವೆ, ಅಂದರೆ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಗಳಿವೆ. ಎರಡನೆಯದಾಗಿ, 2004ರಲ್ಲಿ ಬಾಲ್ಕಂಬ್ ಒಬ್ಬರೇ ನೇಚರ್‌ಗೆ ಬರೆದ ವಿಮರ್ಶಾ ಲೇಖನಕ್ಕೂ ದೊಡ್ಡ ಸಂಖ್ಯೆ ಇದೆ. ಅದರಲ್ಲಿ ಹೊಸ ಪ್ರಯೋಗವೇನೂ ಇಲ್ಲ. ಮೂರನೆಯದು, ಅವರು ಸಹಲೇಖಕರಾಗಿದ್ದ 2003ರ ಒಂದು ಪ್ರಬಂಧವನ್ನು 2015ರಲ್ಲಿ ಹಿಂತೆಗೆಯಲಾಗಿದ್ದರೂ ಅದನ್ನು ಉಲ್ಲೇಖಿಸುವುದು ನಿಂತಿಲ್ಲ. ನನ್ನ ಮಾರ್ಗದರ್ಶಕರು ಮೊದಲ ಸ್ಲೈಡಿನಲ್ಲಿ ಒಟ್ಟು ಸೈಟೇಶನ್ ಮತ್ತು ಎಚ್-ಇಂಡೆಕ್ಸ್ (ಪ್ರಬಂಧ, ಉಲ್ಲೇಖ ಎರಡರಿಂದಲೂ ಲೆಕ್ಕ ಹಾಕುವ ಸೂಚ್ಯಂಕ) ಹಾಕಿದರೆ ಸಾಕು ಎನ್ನುತ್ತಾರೆ. ಸಾಕೇ?

ಉತ್ತರ – ನಿವೃತ್ತ ಪ್ರಾಧ್ಯಾಪಕ, ಸಸ್ಯರೋಗ ವಿಜ್ಞಾನ

ಸಾಲದು. ಏಕೆ ಸಾಲದೆಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1990ರಲ್ಲಿ ದಿ ಪ್ಲಾಂಟ್ ಸೆಲ್ ಪತ್ರಿಕೆಯಲ್ಲಿ ಪೆಟೂನಿಯಾ ಹೂವಿನ ಬಗ್ಗೆ ಎರಡು ಪ್ರಬಂಧಗಳು ಬಂದವು. ಒಂದು ಅಮೆರಿಕದ ನಪೋಲಿ, ಲೆಮ್ಯೂ ಮತ್ತು ಜಾರ್ಗೆನ್ಸನ್ ಅವರದ್ದು, ಇನ್ನೊಂದು ನೆದರ್ಲೆಂಡ್ಸಿನ ಗುಂಪಿನದ್ದು. ಹೂವಿನ ನೇರಳೆ ಬಣ್ಣಕ್ಕೆ ಬೇಕಾದ ಕಿಣ್ವವನ್ನು ಹೆಚ್ಚಿಸಲೆಂದು ಚಾಲ್ಕೋನ್ ಸಿಂಥೇಸ್ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರೆ, ಅಮೆರಿಕದ ಗುಂಪಿನ ಪ್ರಯೋಗದಲ್ಲಿ ಶೇಕಡಾ 42ರಷ್ಟು ಗಿಡಗಳು ಪೂರ್ತಿ ಬಿಳಿಯ ಅಥವಾ ಬಿಳಿ ಪಟ್ಟೆಗಳ ಹೂ ಬಿಟ್ಟವು. ಸೇರಿಸಿದ ಜೀನ್ ತಾನೂ ಅಡಗಿ, ಗಿಡದ ಸ್ವಂತ ಜೀನನ್ನೂ ಅಡಗಿಸಿತ್ತು. ಬಹಳ ಮಂದಿ ಇದನ್ನು ಪೆಟೂನಿಯಾದ ವಿಚಿತ್ರವೆಂದು ಪಕ್ಕಕ್ಕಿಟ್ಟರು. ನಮ್ಮಂಥ ವೈರಸ್ ಕೆಲಸದವರಿಗೆ ಇದರ ಅರ್ಥ ಸ್ವಲ್ಪ ಬೇಗ ತಿಳಿಯಿತು, ಏಕೆಂದರೆ 1993ರಲ್ಲಿ ಆರೆಗಾನ್‌ನ ಡೌಗರ್ಟಿ ಅವರ ಗುಂಪು ವೈರಸ್ಸಿನ ಜೀನ್ ಸೇರಿಸಿದ ತಂಬಾಕು ಗಿಡಗಳು ಮೊದಲು ರೋಗಕ್ಕೆ ತುತ್ತಾಗಿ, ಆಮೇಲೆ ಚೇತರಿಸಿಕೊಂಡು, ಅದೇ ವೈರಸ್ಸಿಗೆ ಮಣಿಯದಂತಾಗುವುದನ್ನು ತೋರಿಸಿತು. ಬಾಲ್ಕಂಬ್ ಅವರ 1997ರ ಎರಡು ಪ್ರಬಂಧಗಳು ಈ ಸಾಲಿಗೆ ಸೇರುತ್ತವೆ: ವೈರಸ್ ವಿರುದ್ಧದ ರಕ್ಷಣೆಗೂ ಜೀನ್ ಅಡಗುವುದಕ್ಕೂ ಇರುವ ಹೋಲಿಕೆಯನ್ನು ಸೈನ್ಸ್‌ನಲ್ಲಿ ಬಂದದ್ದು ಹೇಳಿತು, ಅಡಗಿಸುವ ಸೂಚನೆ ಒಂದು ಎಲೆಯಿಂದ ಗಿಡದ ಉಳಿದ ಭಾಗಗಳಿಗೆ ಹರಿದುಹೋಗುತ್ತದೆ ಎಂಬುದನ್ನು ನೇಚರ್‌ನಲ್ಲಿ ಬಂದದ್ದು ತೋರಿಸಿತು.

1998ರಲ್ಲಿ ಫೈರ್ ಮತ್ತು ಮೆಲ್ಲೊ ಅವರ ಗುಂಪು ಸಣ್ಣ ಹುಳುವೊಂದರಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಜೀನನ್ನು ಅಡಗಿಸುತ್ತದೆಂದು ತೋರಿಸಿತು. ಆ ಉದ್ದದ ಆರ್‌ಎನ್‌ಎ ತನ್ನ ಗುರಿಯನ್ನು ಹೇಗೆ ಗುರುತು ಹಿಡಿಯುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಹ್ಯಾಮಿಲ್ಟನ್ ಮತ್ತು ಬಾಲ್ಕಂಬ್ ಸುಮಾರು 25 ನ್ಯೂಕ್ಲಿಯೊಟೈಡ್ (ಆರ್‌ಎನ್‌ಎ ಎಳೆಯ ಒಂದೊಂದು ಘಟಕ) ಉದ್ದದ, ಗುರಿಯ ಆರ್‌ಎನ್‌ಎಗೆ ಪೂರಕವಾದ ತುಣುಕುಗಳನ್ನು ಕಂಡರು. ಟೊಮೇಟೊದಲ್ಲಿ ಅಡಗಿದ ಜೀನ್, ತಂಬಾಕಿನ ಜಾತಿಯ ಗಿಡಗಳಲ್ಲಿ ಹೊರಗಿನಿಂದ ಸೇರಿಸಿದ ಜೀನ್, ಆಲೂಗೆಡ್ಡೆಯ ಎಕ್ಸ್ ವೈರಸ್ ತಗಲಿದ ಗಿಡ, ಹೀಗೆ ಅಡಗುವಿಕೆ ನಡೆದ ಕಡೆಯಲ್ಲೆಲ್ಲ ಆ ತುಣುಕುಗಳು ಇದ್ದವು; ನಡೆಯದ ಕಡೆ ಇರಲಿಲ್ಲ. ಇಷ್ಟು ಚಿಕ್ಕ ತುಣುಕುಗಳು ದಿನನಿತ್ಯದ ಆರ್‌ಎನ್‌ಎ ಜೆಲ್‌ನ ತಳದಿಂದ ಹೊರಗೇ ಹರಿದುಹೋಗುವುದರಿಂದ, ಹುಡುಕಲೇಬೇಕೆಂದು ಹುಡುಕಿದವರಿಗೆ ಮಾತ್ರ ಅವು ಸಿಗುವಂತಿದ್ದವು. ಮೂರು ಪುಟ ಸಾಕಾಯಿತು, ಏಕೆಂದರೆ ಹೇಳಬೇಕಾದ ಸಂಗತಿ ಒಂದೇ ಇತ್ತು.

ಇನ್ನು ನಿಮ್ಮ ಮೊದಲ ತೊಡಕು. 2001ರ ಪ್ರಬಂಧ 21 ನ್ಯೂಕ್ಲಿಯೊಟೈಡ್‌ಗಳ ಕೃತಕ ಆರ್‌ಎನ್‌ಎಯಿಂದ ಮನುಷ್ಯರ ಜೀವಕೋಶಗಳಲ್ಲಿಯೂ ಜೀನನ್ನು ಅಡಗಿಸಬಹುದೆಂದು ತೋರಿಸಿತು. ಅದು ದೊಡ್ಡ ಕೆಲಸವೇ. ಆದರೆ ಅದನ್ನು ಉಲ್ಲೇಖಿಸುವವರು ಕ್ಯಾನ್ಸರ್, ಹೃದ್ರೋಗ, ನರರೋಗಗಳ ಪ್ರಯೋಗಾಲಯಗಳವರು. ಅವರ ಸಂಖ್ಯೆಯ ಮುಂದೆ ಸಸ್ಯದವರು ಬೆರಳೆಣಿಕೆಯಷ್ಟು. ಹೀಗಾಗಿ ಎರಡೂ ಪ್ರಬಂಧಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನೀವು ಎರಡು ಕ್ಷೇತ್ರಗಳ ಜನಸಂಖ್ಯೆಯನ್ನು ಹೋಲಿಸಿದಂತಾಗುತ್ತದೆ, ಎರಡು ಶೋಧಗಳ ತೂಕವನ್ನಲ್ಲ. 2006ರ ನೊಬೆಲ್ ಫೈರ್ ಮತ್ತು ಮೆಲ್ಲೊ ಅವರಿಗೆ ಹೋದಾಗ, ಸಸ್ಯಗಳಲ್ಲಿ ನಡೆದ ಅಡಿಪಾಯದ ಕೆಲಸವನ್ನು ಕಡೆಗಣಿಸಲಾಗಿದೆ ಎಂಬ ಪತ್ರ ನೇಚರ್‌ನಲ್ಲಿಯೇ ಅಚ್ಚಾಯಿತು. ಬಾಲ್ಕಂಬ್ ಅವರಿಗೆ 2008ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಾಗ ಅದನ್ನು ಹಂಚಿಕೊಂಡ ಆಂಬ್ರೋಸ್ ಮತ್ತು ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಬಾಲ್ಕಂಬ್ ಅವರಿಗೆ ಬರಲಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ನಿಮ್ಮ ಸೆಮಿನಾರಿಗೆ ಅದು ಬೇಕಿಲ್ಲ.

ಉತ್ತರ – ಗ್ರಂಥಪಾಲಕಿ, ವಿಜ್ಞಾನ ಗ್ರಂಥಾಲಯ

ಪ್ರಾಧ್ಯಾಪಕರು ವಿಜ್ಞಾನವನ್ನು ಹೇಳಿದ್ದಾರೆ. ನಾನು ಸಂಖ್ಯೆಗಳು ಎಲ್ಲಿಂದ ಬರುತ್ತವೆ ಎಂಬುದನ್ನಷ್ಟೇ ಹೇಳುತ್ತೇನೆ. ಗೂಗಲ್ ಸ್ಕಾಲರ್ ಪ್ರಬಂಧ, ಮಹಾಪ್ರಬಂಧ, ಪುಸ್ತಕ, ಪ್ರಿಪ್ರಿಂಟ್ ಎಲ್ಲವನ್ನೂ ಎಣಿಸುತ್ತದೆ. ವೆಬ್ ಆಫ್ ಸೈನ್ಸ್ ಮತ್ತು ಸ್ಕೋಪಸ್ ತಾವು ಆರಿಸಿದ ಪತ್ರಿಕೆಗಳಿಂದ ಮಾತ್ರ ಎಣಿಸುತ್ತವೆ. ಆದ್ದರಿಂದ ಒಂದೇ ಪ್ರಬಂಧಕ್ಕೆ ಒಂದೇ ದಿನ ಮೂರು ಬೇರೆ ಸಂಖ್ಯೆಗಳು ಸಿಗುತ್ತವೆ, ಸಾಮಾನ್ಯವಾಗಿ ಗೂಗಲ್ ಸ್ಕಾಲರ್‌ನದ್ದು ಎಲ್ಲಕ್ಕಿಂತ ದೊಡ್ಡದು. ಒಂದರಿಂದ ಒಂದು ಪ್ರಬಂಧದ ಲೆಕ್ಕ, ಇನ್ನೊಂದರಿಂದ ಮತ್ತೊಂದರ ಲೆಕ್ಕ ತೆಗೆದು ಒಂದೇ ಕೋಷ್ಟಕದಲ್ಲಿ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ದಯವಿಟ್ಟು ಹಾಗೆ ಮಾಡಬೇಡಿ.

ಎಚ್-ಇಂಡೆಕ್ಸ್ ಎಂಬುದನ್ನು 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದರು. ಒಬ್ಬರ 50 ಪ್ರಬಂಧಗಳಿಗೆ ತಲಾ ಕನಿಷ್ಠ 50 ಉಲ್ಲೇಖಗಳಿದ್ದು, 51 ಪ್ರಬಂಧಗಳಿಗೆ ತಲಾ 51 ಇಲ್ಲದಿದ್ದರೆ ಅವರ ಎಚ್-ಇಂಡೆಕ್ಸ್ 50. ಇದರಲ್ಲಿ ಒಂದು ಪ್ರಬಂಧ ಆ ಗಡಿ ದಾಟಿದ ಮೇಲೆ ಅದಕ್ಕೆ ಇನ್ನೂ ನೂರು ಉಲ್ಲೇಖ ಬರಲಿ, ಸಾವಿರಾರು ಬರಲಿ, ಸೂಚ್ಯಂಕ ಅಲುಗಾಡುವುದಿಲ್ಲ. ಅಂದರೆ ನಿಮ್ಮ 1999ರ ಪ್ರಬಂಧ ಮತ್ತು ಅದೇ ಪ್ರಯೋಗಾಲಯದ ಒಂದು ಸಾಧಾರಣ ಪ್ರಬಂಧ, ಎರಡೂ ಎಚ್-ಇಂಡೆಕ್ಸ್‌ನ ಲೆಕ್ಕದಲ್ಲಿ ಸಮ. ಬಾಲ್ಕಂಬ್ ಅವರಂಥವರ ವಿಷಯದಲ್ಲಿ ಈ ಸೂಚ್ಯಂಕ ಹೇಳಬೇಕಾದ ಮುಖ್ಯ ಸಂಗತಿಯನ್ನೇ ನುಂಗಿಹಾಕುತ್ತದೆ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗಾಗಿ. ಬಾಲ್ಕಂಬ್ ಎಂಬ ಹೆಸರು ಅಪರೂಪದ್ದಾದ್ದರಿಂದ ಅವರ ಪಟ್ಟಿ ಸುಲಭವಾಗಿ ಶುದ್ಧವಾಗಿ ಸಿಗುತ್ತದೆ. ಮನೆತನದ ಹೆಸರಿಲ್ಲದೆ ಊರು, ತಂದೆಯ ಹೆಸರುಗಳ ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರ ಪಟ್ಟಿ ಹಾಗೆ ಸಿಗುವುದಿಲ್ಲ. ಒಬ್ಬರೇ ಮೂರು ಲೇಖಕರಾಗಿ ಒಡೆದಿರುತ್ತಾರೆ, ಅಥವಾ ಮೂವರು ಕುಮಾರರು ಒಬ್ಬರಾಗಿರುತ್ತಾರೆ. ಈ ಕ್ಷೇತ್ರದ ದಿನೇಶ್-ಕುಮಾರ್, ಸೆಂಥಿಲ್-ಕುಮಾರ್ ಎಂಬ ಹೆಸರುಗಳನ್ನು ನೋಡಿ: ನಡುವೆ ಒಂದು ಗೆರೆ ಎಳೆದರೆ ದತ್ತಸಂಚಯ ಅದನ್ನು ಒಂದೇ ಹೆಸರೆಂದು ಹಿಡಿಯುತ್ತದೆ. ನೀವು ಮೊದಲ ಪ್ರಬಂಧ ಕಳುಹಿಸುವ ಮುಂಚೆ ಓರ್ಸಿಡ್ ಸಂಖ್ಯೆ (ಪ್ರತಿ ಲೇಖಕರಿಗೂ ಪ್ರತ್ಯೇಕವಾದ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳಿ.

ಪ್ರತಿಕ್ರಿಯೆ – ಸಂಖ್ಯಾಶಾಸ್ತ್ರ ಅಧ್ಯಾಪಕ

ಮೇಲಿನ ಇಬ್ಬರ ಮಾತುಗಳನ್ನೂ ಗೌರವದಿಂದಲೇ ಓದಿದೆ, ಆದರೆ ಒಂದು ಆಕ್ಷೇಪವಿದೆ. ಸಂಖ್ಯೆಗಳನ್ನು ಹಳಿಯುವವರು ಅವುಗಳ ಜಾಗದಲ್ಲಿ ಏನನ್ನು ಇಡುತ್ತಾರೆಂದು ಹೇಳುವುದಿಲ್ಲ. ನಮ್ಮಲ್ಲಿ ನೇಮಕಾತಿ, ಬಡ್ತಿಗಳ ಸಮಿತಿಗಳಲ್ಲಿ ಸಂಖ್ಯೆ ಇಲ್ಲದಿದ್ದರೆ ಉಳಿಯುವುದು ಯಾರು ಯಾರ ಶಿಷ್ಯ, ಯಾವ ಜಿಲ್ಲೆ, ಯಾರ ಕಡೆಯವರು ಎಂಬ ಮಾತು ಮಾತ್ರ. ತಕ್ಕಡಿ ಸರಿಯಿಲ್ಲವೆಂದು ಅಡಿಕೆಯನ್ನು ಕಣ್ಣಳತೆಯಲ್ಲಿ ಮಾರುವವರಿಲ್ಲ, ತಕ್ಕಡಿಯನ್ನು ಸರಿಪಡಿಸುತ್ತಾರೆ. ಪ್ರತಿವರ್ಷ ಪತ್ರಿಕೆಗಳಲ್ಲಿ ಬರುವ ‘ಜಗತ್ತಿನ ಶೇಕಡಾ 2ರ ವಿಜ್ಞಾನಿಗಳು’ ಪಟ್ಟಿಯ ಬಗ್ಗೆ ಎಷ್ಟು ನಗೆಯಾಡಿದರೂ, ಅದನ್ನು ರೂಪಿಸಿದ ಅಯೊನೈಡಿಸ್ ಮತ್ತು ಸಂಗಡಿಗರು ಆರು ಅಳತೆಗಳನ್ನು ಕೂಡಿಸಿದ್ದಾರೆ: ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ಸರಿಹೊಂದಿಸಿದ ಎಚ್-ಇಂಡೆಕ್ಸ್, ಒಬ್ಬರೇ ಬರೆದವು, ಒಬ್ಬರೇ ಅಥವಾ ಮೊದಲ ಲೇಖಕರಾಗಿ ಬರೆದವು, ಇವುಗಳಿಗೆ ಕೊನೆಯ ಲೇಖಕರಾಗಿ ಬರೆದವನ್ನೂ ಸೇರಿಸಿದ್ದು. ಸ್ವಂತ ಉಲ್ಲೇಖಗಳನ್ನು ಬಿಟ್ಟೂ ಲೆಕ್ಕ ಕೊಡುತ್ತಾರೆ. ಕ್ಷೇತ್ರವಾರು ವಿಂಗಡಣೆಯೂ ಇದೆ, ಆದ್ದರಿಂದ ಸಸ್ಯದವರನ್ನು ಕ್ಯಾನ್ಸರಿನವರೊಂದಿಗೆ ಹೋಲಿಸಬೇಕಾಗಿಲ್ಲ. ಪ್ರಾಧ್ಯಾಪಕರ ದೂರು ಒಳ್ಳೆಯ ಅಳತೆಯನ್ನು ಬಳಸಿದರೆ ಬಹುಪಾಲು ಕರಗುತ್ತದೆ.

ಪ್ರತಿಕ್ರಿಯೆ – ನಿವೃತ್ತ ಪ್ರಾಧ್ಯಾಪಕ, ಸಸ್ಯರೋಗ ವಿಜ್ಞಾನ

ಮೇಷ್ಟ್ರೇ, ಸಮಿತಿಗಳ ಬಗ್ಗೆ ನೀವು ಹೇಳಿದ್ದನ್ನು ಅಲ್ಲಗಳೆಯುವಷ್ಟು ಅಮಾಯಕ ನಾನಲ್ಲ. ಆದರೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯೆ ಎಂದರೆ ಬಹುತೇಕ ಪತ್ರಿಕೆಯ ಅಂಕ: ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ, ನಾವು ನಾಸ್ ರೇಟಿಂಗ್ ಎನ್ನುವ ಅಂಕ. ಪ್ರಬಂಧವನ್ನು ಯಾರೂ ತೆರೆದು ನೋಡುವುದಿಲ್ಲ. ಒಂದು ಪತ್ರಿಕೆಯ ಸರಾಸರಿಯಿಂದ ಅದರಲ್ಲಿ ಬಂದ ಒಂದು ಪ್ರಬಂಧದ ಬೆಲೆ ಕಟ್ಟಬಾರದೆಂದು ನಿಮ್ಮ ವಿಷಯವೇ ಹೇಳುತ್ತದೆ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಡೋರಾ ಘೋಷಣೆಯ ತಿರುಳೂ ಅದೇ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಪತ್ರಿಕೆಯ ಅಳತೆ ಅದರಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳಿಗೆ ಸಿಕ್ಕ ಉಲ್ಲೇಖಗಳನ್ನು ಎಣಿಸುತ್ತದೆ. 1990ರ ಪೆಟೂನಿಯಾ ಪ್ರಬಂಧದ ಬೆಲೆ ಜಗತ್ತಿಗೆ ತಿಳಿಯಲು ಎಂಟು ವರ್ಷ ಹಿಡಿಯಿತು.

ನಿಮ್ಮ ಆರು ಅಳತೆಗಳಲ್ಲಿ ಒಂದಾದರೂ ಉಲ್ಲೇಖ ಏಕೆ ಬಂತೆಂದು ಹೇಳುತ್ತದೆಯೇ? ನನ್ನ ವಾದ ಅಷ್ಟೇ. ಬಾಲ್ಕಂಬ್ ಪಟ್ಟಿಯಲ್ಲಿ ಮೂರು ಬಗೆಯ ಪ್ರಬಂಧಗಳಿವೆ. ಹೊಸ ಸಂಗತಿಯನ್ನು ಹೇಳಿದವು, ಉದಾಹರಣೆಗೆ 1997, 1999ರವು. ಇವುಗಳ ಉಲ್ಲೇಖ ಸಂಗತಿ ಪಠ್ಯಪುಸ್ತಕ ಸೇರಿದ ಮೇಲೆ ಇಳಿಯುತ್ತದೆ, ಏಕೆಂದರೆ ಎಲ್ಲರಿಗೂ ಗೊತ್ತಿರುವುದಕ್ಕೆ ಯಾರೂ ಆಧಾರ ಕೊಡುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ಮರೆವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಎರಡನೆಯವು ಉಪಕರಣ ಕೊಟ್ಟವು: ತಂಬಾಕಿನ ರ‍್ಯಾಟಲ್ ವೈರಸ್ಸನ್ನು ಜೀನ್ ಅಡಗಿಸುವ ವಾಹಕವಾಗಿ ಬಳಸಿದ 2001ರ ಪ್ರಬಂಧ ಅಂಥದ್ದು. ಮೂರನೆಯದು 2004ರ ವಿಮರ್ಶೆ. ಅದನ್ನು ಉಲ್ಲೇಖಿಸುವವರಲ್ಲಿ ಎಷ್ಟೋ ಮಂದಿ ಮೂಲ ಪ್ರಬಂಧಗಳನ್ನು ಓದದೆ ಅದೊಂದನ್ನೇ ಹಾಕಿ ಕೈತೊಳೆದುಕೊಂಡಿರುತ್ತಾರೆ, ಇದರಿಂದ ಮೂಲದವರ ಲೆಕ್ಕ ಕುಗ್ಗುತ್ತದೆ. ಆಂಡ್ರ್ಯೂ ಹ್ಯಾಮಿಲ್ಟನ್ ಅವರ ಹೆಸರನ್ನು ಇವತ್ತು ಎಷ್ಟು ವಿದ್ಯಾರ್ಥಿಗಳು ಬಲ್ಲರು? 1999ರ ಪ್ರಬಂಧದ ಮೊದಲ ಲೇಖಕ ಅವರು.

ಉತ್ತರ – ಪೋಸ್ಟ್‌ಡಾಕ್, ಜರ್ಮನಿ

ಉಪಕರಣದ ಪ್ರಬಂಧಗಳ ಬಗ್ಗೆ ಪ್ರಯೋಗಾಲಯದ ಕಡೆಯಿಂದ ಒಂದೆರಡು ಮಾತು. ರ‍್ಯಾಟಲ್ ವೈರಸ್ ವಾಹಕದ ವಿಷಯದಲ್ಲಿ 2001ರ ಬಾಲ್ಕಂಬ್ ಪ್ರಬಂಧಕ್ಕಿಂತಲೂ ಮರುವರ್ಷ ಅದೇ ದಿ ಪ್ಲಾಂಟ್ ಜರ್ನಲ್‌ನಲ್ಲಿ ಟೊಮೇಟೊ ಕುರಿತು ಬಂದ ಲಿಯು, ಶಿಫ್ ಮತ್ತು ದಿನೇಶ್-ಕುಮಾರ್ ಅವರ ವಾಹಕವೇ ಹೆಚ್ಚು ಪ್ರಯೋಗಾಲಯಗಳಿಗೆ ಹೋಯಿತು. ಫೈಟೋಯಿನ್ ಡೀಸ್ಯಾಚುರೇಸ್ ಜೀನನ್ನು ಅಡಗಿಸಿ ಎಲೆ ಬಿಳಿಚಿಕೊಳ್ಳುವುದನ್ನು ನೋಡುವುದು ಈ ವಿಧಾನ ಕಲಿಯುವ ಎಲ್ಲರ ಮೊದಲ ಪಾಠ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಬೆಳೆ ಶರೀರಕ್ರಿಯಾ ವಿಭಾಗದವರು ಇದೇ ವಿಧಾನದಿಂದ ನೀರಿನ ಕೊರತೆಯನ್ನು ತಡೆದುಕೊಳ್ಳುವ ಜೀನ್‌ಗಳನ್ನು ಪರೀಕ್ಷಿಸಿದರು. ಆ ಗುಂಪಿನಿಂದ ಬಂದ ಸೆಂಥಿಲ್-ಕುಮಾರ್ ಅವರು ಕಿರಣ್‌ಕುಮಾರ್ ಮೈಸೂರು ಅವರೊಂದಿಗೆ 2014ರಲ್ಲಿ ನೇಚರ್ ಪ್ರೊಟೊಕಾಲ್ಸ್‌ನಲ್ಲಿ ಬರೆದ ಕಾರ್ಯವಿಧಾನವನ್ನು ನಮ್ಮ ಪ್ರಯೋಗಾಲಯದಲ್ಲಿಯೂ ಬಳಸುತ್ತೇವೆ. ಬಾಲ್ಕಂಬ್ ಅವರ ಪ್ರಭಾವದ ಈ ಭಾಗ ಅವರ ಸ್ವಂತ ಸಂಖ್ಯೆಯಲ್ಲಿ ಕಾಣಿಸುವುದೇ ಇಲ್ಲ, ಬೇರೆಯವರ ಸಂಖ್ಯೆಯಲ್ಲಿ ಕಾಣಿಸುತ್ತದೆ.

ಸೆಮಿನಾರಿಗೆ ಬೆಂಗಳೂರಿನ ನಂಟು ಬೇಕಿದ್ದರೆ ಇನ್ನೊಂದಿದೆ. ಈಗ ಅಲ್ಲಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಪ್ರಯೋಗಾಲಯ ನಡೆಸುತ್ತಿರುವ ಪಿ.ವಿ. ಶಿವಪ್ರಸಾದ್ ಅವರು ಕೇಂಬ್ರಿಜ್‌ನಲ್ಲಿ ಬಾಲ್ಕಂಬ್ ಅವರೊಂದಿಗೆ ಕೆಲಸ ಮಾಡಿ, 2012ರಲ್ಲಿ ಎರಡು ಪ್ರಬಂಧಗಳಿಗೆ ಮೊದಲ ಲೇಖಕರಾದರು. ಒಂದು, ಟೊಮೇಟೊದಂಥ ಗಿಡಗಳಲ್ಲಿ ಒಂದು ಮೈಕ್ರೊಆರ್‌ಎನ್‌ಎ (ಒಂದು ಬಗೆಯ ಸಣ್ಣ ಆರ್‌ಎನ್‌ಎ) ಕುಟುಂಬ ರೋಗನಿರೋಧಕ ಜೀನ್‌ಗಳನ್ನು ಹದ್ದುಬಸ್ತಿನಲ್ಲಿಡುವ ಬಗೆ. ಇನ್ನೊಂದು, ಟೊಮೇಟೊ ಮಿಶ್ರತಳಿಗಳಲ್ಲಿ ತಂದೆತಾಯಿ ಎರಡನ್ನೂ ಮೀರಿದ ಗುಣಗಳು ಕಾಣಿಸಿಕೊಳ್ಳುವುದರಲ್ಲಿ ಸಣ್ಣ ಆರ್‌ಎನ್‌ಎಗಳ ಪಾತ್ರ.

ಇನ್ನು ಹಿಂತೆಗೆದ ಪ್ರಬಂಧ. ಎಲೆಗೆ ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಜೀನ್ ಸೇರಿಸಿದರೆ ಗಿಡ ಎರಡು ಮೂರು ದಿನಗಳಲ್ಲಿ ಅದನ್ನು ಅಡಗಿಸಲು ತೊಡಗುತ್ತದೆ. ಟೊಮೇಟೊದ ಬುಶಿ ಸ್ಟಂಟ್ ವೈರಸ್ಸಿನ ಪಿ19 ಪ್ರೋಟೀನನ್ನೂ ಜೊತೆಗೆ ಸೇರಿಸಿದರೆ ಅಡಗುವಿಕೆ ತಡೆದು ಪ್ರೋಟೀನ್ ಇಳುವರಿ ಹೆಚ್ಚುತ್ತದೆ ಎಂಬುದು 2003ರ ಆ ಪ್ರಬಂಧದ ವಿಷಯ. ಮೊದಲ ಲೇಖಕ ಒಲಿವಿಯೆ ವೊನೆ. 2015ರಲ್ಲಿ ಪ್ರಬಂಧಗಳನ್ನು ಚರ್ಚಿಸುವ ಜಾಲತಾಣ ಪಬ್‌ಪಿಯರ್‌ನಲ್ಲಿ ಅವರ ಹಲವು ಪ್ರಬಂಧಗಳ ಚಿತ್ರಗಳ ಬಗ್ಗೆ ಪ್ರಶ್ನೆಗಳು ಎದ್ದು, ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್ ತನಿಖೆ ನಡೆಸಿದವು. ಸಿಎನ್‌ಆರ್‌ಎಸ್ ಅವರನ್ನು ಎರಡು ವರ್ಷ ಅಮಾನತುಗೊಳಿಸಿತು, 2009ರಲ್ಲಿ ಕೊಟ್ಟಿದ್ದ ಚಿನ್ನದ ಪದಕವನ್ನು ಯುರೋಪಿನ ಅಣುಜೀವವಿಜ್ಞಾನಿಗಳ ಸಂಸ್ಥೆ ಎಂಬೊ ಹಿಂಪಡೆಯಿತು. ತನಿಖೆ ನಡೆದದ್ದು ವೊನೆ ಅವರ ಪ್ರಬಂಧಗಳ ಮೇಲೆ, ಬಾಲ್ಕಂಬ್ ಅವರ ಮೇಲಲ್ಲ. ವಿಚಿತ್ರವೆಂದರೆ ಪಿ19 ಕೆಲಸ ಮಾಡುತ್ತದೆ. ಅದನ್ನು ಲೆಕ್ಕವಿಲ್ಲದಷ್ಟು ಪ್ರಯೋಗಾಲಯಗಳು ಇವತ್ತೂ ಬಳಸುತ್ತವೆ, ಹಾಗಾಗಿಯೇ ಹಿಂತೆಗೆದ ಪ್ರಬಂಧದ ಉಲ್ಲೇಖ ನಿಲ್ಲುತ್ತಿಲ್ಲ. ಹಳೆಯ ಪ್ರಬಂಧದಿಂದ ಆಧಾರಪಟ್ಟಿಯನ್ನು ನಕಲು ಮಾಡಿಕೊಳ್ಳುವ ಸೋಮಾರಿತನವೂ ಕಾರಣವೆಂದು ಸೇರಿಸಲೇಬೇಕು.

ಪ್ರತಿಕ್ರಿಯೆ – ಸಂಖ್ಯಾಶಾಸ್ತ್ರ ಅಧ್ಯಾಪಕ

ಇದು ನನ್ನ ವಾದಕ್ಕೆ ಬಿದ್ದ ಪೆಟ್ಟೆಂದು ಒಪ್ಪುತ್ತೇನೆ. ಉಲ್ಲೇಖದ ಎಣಿಕೆ ಬಳಕೆಯನ್ನು ಅಳೆಯುತ್ತದೆ, ಸತ್ಯವನ್ನಲ್ಲ. ಆದರೂ ಬಳಕೆ ಎಂಬುದು ಸಣ್ಣ ಸಂಗತಿಯಲ್ಲ. ಹೊಸ ಆವೃತ್ತಿಗಳಲ್ಲಿ ಶೇಕಡಾ 2ರ ಪಟ್ಟಿಯೂ ಲೇಖಕರ ಹಿಂತೆಗೆದ ಪ್ರಬಂಧಗಳ ವಿವರವನ್ನು ಕೊಡಲು ಆರಂಭಿಸಿದೆ. ಹಿಂತೆಗೆದ ಪ್ರಬಂಧದ ಉಲ್ಲೇಖಗಳನ್ನು ಎಚ್-ಇಂಡೆಕ್ಸ್‌ನಿಂದ ಕಳೆಯಬೇಕೆಂದು ನಾನು ಹೇಳುತ್ತೇನೆ.

ಪ್ರತಿಕ್ರಿಯೆ – ನಿವೃತ್ತ ಪ್ರಾಧ್ಯಾಪಕ, ಸಸ್ಯರೋಗ ವಿಜ್ಞಾನ

ಕಳೆದರೂ ಬಾಲ್ಕಂಬ್ ಅವರ ಸೂಚ್ಯಂಕ ಹೆಚ್ಚೆಂದರೆ ಒಂದು ಕಡಿಮೆಯಾದೀತು. ಹಾಗಾದರೆ ಆ ಸೂಚ್ಯಂಕಕ್ಕೆ ಹಿಂತೆಗೆತವೆಂಬುದು ತಟ್ಟುವುದೇ ಇಲ್ಲ ಎಂದಾಯಿತಲ್ಲ, ಮೇಷ್ಟ್ರೇ.

ಮರುಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ಪ್ರಾಧ್ಯಾಪಕರು ಹೇಳಿದ ಹಾಗೆ ಪ್ರಬಂಧಗಳನ್ನು ಸಂಗತಿ, ಉಪಕರಣ, ವಿಮರ್ಶೆ ಎಂದು ವಿಂಗಡಿಸುತ್ತೇನೆ. ಪ್ರತಿಯೊಂದಕ್ಕೂ ವರ್ಷವಾರು ಉಲ್ಲೇಖದ ರೇಖೆ ಹಾಕುತ್ತೇನೆ. ಮಾರ್ಗದರ್ಶಕರ ಮಾತಿಗೆ ಬೆಲೆ ಕೊಟ್ಟು ಎಚ್-ಇಂಡೆಕ್ಸನ್ನೂ ಒಂದು ಮೂಲೆಯಲ್ಲಿ ಇಡುತ್ತೇನೆ. 2003ರ ಪ್ರಬಂಧವನ್ನು ಕೋಷ್ಟಕದಿಂದ ಬಿಟ್ಟುಬಿಡಲೇ? ಪಿ19 ಬಗ್ಗೆ ಹೇಳದೆ ಹೋದರೆ ವೈರಸ್‌ಗಳು ಗಿಡದ ರಕ್ಷಣೆಯನ್ನು ಹೇಗೆ ಮುರಿಯುತ್ತವೆ ಎಂಬ ಭಾಗವೇ ತಪ್ಪಿಹೋಗುತ್ತದೆ.

ಉತ್ತರ – ಪೋಸ್ಟ್‌ಡಾಕ್, ಜರ್ಮನಿ

ಪಿ19 ಭಾಗಕ್ಕೆ ಬೇರೆ ಆಧಾರಗಳಿವೆ. ಪಿ19 ಸಣ್ಣ ಜೋಡಿ ಎಳೆಯ ಆರ್‌ಎನ್‌ಎಗಳನ್ನು ಹಿಡಿದುಕೊಳ್ಳುತ್ತದೆಂದು ಹಂಗೇರಿಯ ಬುರ್ಗ್ಯಾನ್ ಗುಂಪು 2002ರಲ್ಲಿ ಎಂಬೊ ಜರ್ನಲ್‌ನಲ್ಲಿ ತೋರಿಸಿತು. ಹಿಡಿದುಕೊಂಡ ಸ್ಥಿತಿಯ ಸ್ಫಟಿಕ ರಚನೆಯನ್ನು 2003ರಲ್ಲಿ ಎರಡು ಗುಂಪುಗಳು, ಒಂದು ನೇಚರ್‌ನಲ್ಲಿ, ಇನ್ನೊಂದು ಸೆಲ್‌ನಲ್ಲಿ, ಪ್ರಕಟಿಸಿದವು. ಈ ಮೂರನ್ನು ಹಾಕಿದರೆ ನಿಮ್ಮ ವಿವರಣೆಗೆ ಹಿಂತೆಗೆದ ಪ್ರಬಂಧದ ಅಗತ್ಯ ಬೀಳುವುದಿಲ್ಲ.

ಉತ್ತರ – ಗ್ರಂಥಪಾಲಕಿ, ವಿಜ್ಞಾನ ಗ್ರಂಥಾಲಯ

ವಿವರಣೆಗೆ ಬೇಡ, ಆದರೆ ಕೋಷ್ಟಕದಿಂದ ಬಿಡಬೇಡಿ. ಒಬ್ಬರ ಪ್ರಕಟಣೆಗಳ ಪಟ್ಟಿಯಿಂದ ಹಿಂತೆಗೆದದ್ದನ್ನು ಸದ್ದಿಲ್ಲದೆ ಅಳಿಸುವುದು ಸರಿಯಾದ ದಾಖಲೆಯಲ್ಲ. ಆ ಸಾಲಿನಲ್ಲಿ ‘2015ರಲ್ಲಿ ಹಿಂತೆಗೆಯಲಾಗಿದೆ’ ಎಂದು ಸ್ಪಷ್ಟವಾಗಿ ಬರೆದು, ಉಲ್ಲೇಖಗಳನ್ನು 2015ಕ್ಕೆ ಮೊದಲಿನವು, ನಂತರದವು ಎಂದು ಎರಡು ಅಂಕಣಗಳಲ್ಲಿ ಕೊಡಿ. ನಂತರದವುಗಳಲ್ಲಿ ಹತ್ತಿಪ್ಪತ್ತನ್ನು ತೆರೆದು, ಹಿಂತೆಗೆತವನ್ನು ಎಷ್ಟು ಮಂದಿ ಸೂಚಿಸಿದ್ದಾರೆ ಎಂಬುದನ್ನು ನೀವೇ ನೋಡಿ. ನಿಮ್ಮ ಸೆಮಿನಾರಿನಲ್ಲಿ ಬೇರೆಲ್ಲೂ ಸಿಗದ ಮಾಹಿತಿ ಅದೊಂದೇ ಆಗಿರುತ್ತದೆ. ಉಳಿದ ಪ್ರಬಂಧಗಳನ್ನೂ, ಹಿಂತೆಗೆದ ಪ್ರಬಂಧಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್ ದತ್ತಸಂಚಯದಲ್ಲಿ ಒಮ್ಮೆ ಹುಡುಕಿ. 2023ರಿಂದ ಅದು ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿದೆ. ನೀವು ಆಧಾರಪಟ್ಟಿ ಇಟ್ಟುಕೊಳ್ಳಲು ಜೊಟೆರೊ ತಂತ್ರಾಂಶ ಬಳಸುತ್ತಿದ್ದರೆ ಹಿಂತೆಗೆದ ಪ್ರಬಂಧಗಳ ಮೇಲೆ ಅದೇ ಎಚ್ಚರಿಕೆ ತೋರಿಸುತ್ತದೆ. ಸಂಖ್ಯೆ ತೆಗೆದ ದಿನಾಂಕವನ್ನೂ ಯಾವ ದತ್ತಸಂಚಯದಿಂದ ತೆಗೆದಿರಿ ಎಂಬುದನ್ನೂ ಪ್ರತಿ ಕೋಷ್ಟಕದ ಕೆಳಗೆ ಬರೆಯಿರಿ.